ವೈಟ್‌ಫೀಲ್ಡ್: ಒಂದು ಉಪನಗರದ ನೆಲದ ಬೆಲೆ

ಬೆಂಗಳೂರಿನ ಪೂರ್ವ ದಿಕ್ಕಿಗೆ ಸುಮಾರು 20 ಕಿಲೋಮೀಟರು ದೂರದಲ್ಲಿ ವೈಟ್‌ಫೀಲ್ಡ್ ಎಂಬ ಉಪನಗರವಿದೆ. ಹೆಸರು ಒಂದೇ ಆದರೂ ಊರು ಒಂದಲ್ಲ. ಕಾಡುಗೋಡಿ, ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಕುಂದಲಹಳ್ಳಿ, ಹೂಡಿ, ವರ್ತೂರು ಮೊದಲಾದ ಹಳ್ಳಿಗಳು ಒಂದು ಕಾಲಕ್ಕೆ ತಮ್ಮ ಕೆರೆ, ತಮ್ಮ ಗುಡಿ, ತಮ್ಮ ರಾಗಿಯ ಹೊಲಗಳೊಡನೆ ಬೇರೆ ಬೇರೆಯಾಗಿ ಬಾಳಿದುವು. ಇಂದು ಮಾರುವವನ ಬಾಯಲ್ಲಿ ಅವೆಲ್ಲವೂ ವೈಟ್‌ಫೀಲ್ಡೇ. "ಇದೂ ವೈಟ್‌ಫೀಲ್ಡೇ ಸ್ವಾಮಿ" ಎಂದು ದಲ್ಲಾಳಿಯು ತೋರಿಸುವ ಎರಡು ನಿವೇಶನಗಳ ನಡುವೆ ಅರ್ಧ ಹರಿದಾರಿಯೂ ಇರಲಾರದು. ಆದರೆ ಬೆಲೆಯಲ್ಲಿ ಅಜಗಜಾಂತರ. ಅದೇ ಕೆಂಪು ಮಣ್ಣು, ಅದೇ ಗಾಳಿ, ಅಳತೆಯೂ ಅದೇ ಮೂವತ್ತು ನಲವತ್ತರದು. ಹಾಗಿದ್ದರೂ ಒಂದರ ಬೆಲೆ ಏರಿ ಇನ್ನೊಂದು ಏಕೆ ಹಿಂದುಳಿಯಿತು ಎಂಬುದನ್ನು ತಿಳಿಯಬೇಕಾದರೆ ಮನೆಗಳ ಗೋಡೆಯನ್ನು ನೋಡಿ ಪ್ರಯೋಜನವಿಲ್ಲ. ದಾರಿ, ನೀರು, ಕಾಗದ, ಈ ಮೂರನ್ನು ನೋಡಬೇಕು.

ವೃತ್ತದ ಊರು

1881ರಲ್ಲಿ ಮೈಸೂರು ಸಂಸ್ಥಾನವು ಮರಳಿ ಒಡೆಯರ ವಶಕ್ಕೆ ಬಂದಿತು. ಅದರ ಮರುವರ್ಷವೇ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಮುದಾಯದವರು ನೌಕರಿಯೊಂದನ್ನೇ ನೆಚ್ಚಿಕೊಳ್ಳದೆ ಬೇಸಾಯ ಮಾಡಿಕೊಂಡು ಸ್ವತಂತ್ರವಾಗಿ ಬಾಳಲಿ ಎಂಬುದು ಉದ್ದೇಶ. ಇದಕ್ಕಾಗಿ ಶ್ರಮಿಸಿದ ವೈಟ್ ಎಂಬುವರ ಹೆಸರೇ ಊರಿಗೆ ನಿಂತಿತು. ನಡುವೆ ಬಯಲು, ಸುತ್ತ ವೃತ್ತಾಕಾರದ ಬೀದಿ, ಬೀದಿಯ ಉದ್ದಕ್ಕೂ ತೋಟದ ನಡುವಣ ಹೆಂಚಿನ ಮನೆಗಳು, ಹೀಗೆ ಊರಿನ ರಚನೆಯಾಯಿತು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಬೇಸಾಯವು ನಿರೀಕ್ಷಿಸಿದಷ್ಟು ಫಲಿಸಲಿಲ್ಲ. ಊರು ನಿವೃತ್ತರ ನೆಮ್ಮದಿಯ ತಾಣವಾಗಿ ಸುಮಾರು ನೂರು ವರ್ಷ ಮಲಗಿತ್ತು. ಇಂದು ಆ ಹಳೆಯ ಮನೆಗಳಲ್ಲಿ ಕೆಲವು ಮಾತ್ರ ಉಳಿದಿವೆ. ಅಂಥದೊಂದು ಮನೆ ಮಾರಾಟಕ್ಕೆ ಬಂದರೆ ತೊಲೆ, ಹೆಂಚು, ಜಗಲಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಳ್ಳುವವನು ನೆಲವನ್ನಷ್ಟೇ ಅಳೆಯುತ್ತಾನೆ. ಮನೆಯನ್ನು ಕೆಡವುವ ಖರ್ಚನ್ನು ಬೆಲೆಯಲ್ಲಿ ಕಳೆಯುತ್ತಾನೆ. ವಿಶಾಲವಾದ ಆವರಣ, ಹಳೆಯ ಮರಗಳು, ಲೆಕ್ಕ ಸರಿಯಿರುವ ದಾಖಲೆ, ಇವುಗಳಿಂದ ಇಲ್ಲಿನ ನೆಲಕ್ಕೆ ಗೌರವದ ಬೆಲೆಯಿದೆ. ಆದರೆ ಮಾರಾಟಕ್ಕೆ ಬರುವುದೇ ಅಪರೂಪ.

ದಾರಿ ತಂದ ಬೆಲೆ

ಮಲಗಿದ್ದ ಊರನ್ನು ಎಬ್ಬಿಸಿದ್ದು 1990ರ ದಶಕ. ಕರ್ನಾಟಕ ಸರ್ಕಾರ, ಟಾಟಾ ಸಂಸ್ಥೆ ಮತ್ತು ಸಿಂಗಪುರದ ಉದ್ಯಮಗಳು ಕೂಡಿ ಪಟ್ಟಂದೂರು ಅಗ್ರಹಾರದ ಬಳಿ ಕಟ್ಟಿದ ತಂತ್ರಜ್ಞಾನ ಉದ್ಯಾನವು ಐ.ಟಿ.ಪಿ.ಎಲ್. ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಕೆಲಸಕ್ಕೆ ಬಂದವರು ಸಾವಿರಾರು. ಇರಲು ಮನೆಗಳು ಬೆರಳೆಣಿಕೆ. ಹೊಲಗಳು ನಿವೇಶನಗಳಾದುವು, ನಿವೇಶನಗಳ ಮೇಲೆ ಮಾಳಿಗೆಗಳೆದ್ದುವು. ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ಹೂಡಿಗಳಲ್ಲಿ ಕಚೇರಿಗೆ ಹತ್ತಿರವಿರುವುದೇ ಬೆಲೆಯ ಮೊದಲ ಅಳತೆಗೋಲಾಯಿತು.

ಆದರೆ ಬೆಂಗಳೂರಿಗೂ ವೈಟ್‌ಫೀಲ್ಡಿಗೂ ನಡುವೆ ದಾರಿಯೇ ದೊಡ್ಡ ಸಂಕಟವಾಗಿತ್ತು. ಕೃಷ್ಣರಾಜಪುರದ ತೂಗುಸೇತುವೆಯ ಬಳಿ ಬಸ್ಸಿನಲ್ಲಿ ಕುಳಿತು ಕಾಲ ಕಳೆದವರಿಗೆ ಆ ಸಂಕಟದ ಪರಿಚಯವುಂಟು. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗೆ ಮೆಟ್ರೋ ರೈಲು ಓಡಿತು. ಆಗಲೂ ನಡುವೆ ಸುಮಾರು ಎರಡು ಕಿಲೋಮೀಟರಿನ ತುಂಡೊಂದು ಬಾಕಿಯಿತ್ತು; ಅದು ಕೂಡಿಕೊಂಡದ್ದು ಅದೇ ವರ್ಷದ ಅಕ್ಟೋಬರ್ 9ರಂದು. ಅಂದಿನಿಂದ ಮೆಜೆಸ್ಟಿಕ್ಕಿನಲ್ಲಿ ಹತ್ತಿದವನು ಗಾಡಿ ಬದಲಿಸದೆ ಕಾಡುಗೋಡಿಯಲ್ಲಿ ಇಳಿಯಬಹುದು.

ಈ ಗಾಡಿಯ ಕಿಟಕಿಯಿಂದ ನೋಡುವ ಪ್ರಯಾಣಿಕನಿಗೆ ಬೆಲೆಯ ನಕ್ಷೆಯೇ ಕಣ್ಣಿಗೆ ಕಟ್ಟುತ್ತದೆ. ಗರುಡಾಚಾರ್ ಪಾಳ್ಯ, ಹೂಡಿ, ಸೀತಾರಾಮ ಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ ನಿಲ್ದಾಣಗಳ ಆಸುಪಾಸಿನಲ್ಲಿ ಹೊಸ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರದಲ್ಲಿರುವ ಮನೆಗೆ ಬಾಡಿಗೆಯೂ ಬೇಗ, ಬೆಲೆಯೂ ಬಿಗಿ. ಕಡೆಯ ನಿಲ್ದಾಣದಾಚೆ ಕನ್ನಮಂಗಲ, ಸೀಗೆಹಳ್ಳಿಗಳ ಕಡೆ ಬಿಡಿ ಮನೆಗಳ ಬಡಾವಣೆಗಳು ಹಬ್ಬುತ್ತಿವೆ. ದಕ್ಷಿಣಕ್ಕೆ ವರ್ತೂರು, ಬಳಗೆರೆ, ಗುಂಜೂರುಗಳಲ್ಲಿಯೂ ಎತ್ತರದ ಮಾಳಿಗೆಗಳಿಗೆ ಕೊರತೆಯಿಲ್ಲ. ಆದರೆ ಈ ರೈಲು ಅತ್ತ ಹೋಗುವುದಿಲ್ಲ. ಹಳ್ಳಿಯ ಎತ್ತಿನ ಬಂಡಿಗೆಂದು ಇದ್ದ ದಾರಿಯಲ್ಲಿಯೇ ಇಂದು ಶಾಲೆಯ ಬಸ್ಸುಗಳೂ ನೀರಿನ ಟ್ಯಾಂಕರುಗಳೂ ಒಂದರ ಹಿಂದೊಂದು ನಿಲ್ಲುತ್ತವೆ.

ನೀರಿನ ಲೆಕ್ಕ

ಟ್ಯಾಂಕರಿನ ಮಾತು ಬಂದಲ್ಲಿ ಬೆಲೆಯ ಎರಡನೆಯ ಗುಟ್ಟು ತೆರೆದುಕೊಳ್ಳುತ್ತದೆ. ಈ ಸೀಮೆಯು ದಕ್ಷಿಣ ಪಿನಾಕಿನಿಯ ಜಲಾನಯನಕ್ಕೆ ಸೇರಿದ್ದು. ಬೆಳ್ಳಂದೂರು ಕೆರೆಯ ಕೋಡಿ ವರ್ತೂರು ಕೆರೆಗೆ, ಅಲ್ಲಿಂದ ನದಿಗೆ, ಹೀಗೆ ಹಿರಿಯರು ಕೆರೆಗೆ ಕೆರೆಯನ್ನು ಪೋಣಿಸಿದ್ದರು. ನಗರದ ಕೊಳಚೆ ಸೇರಿ ಕೆರೆ ಕೆಟ್ಟಿತು. 2015ರ ಸುಮಾರಿಗೆ ವರ್ತೂರು ಕೋಡಿಯಲ್ಲಿ ಬಿಳಿಯ ನೊರೆಯು ಉಕ್ಕಿ ರಸ್ತೆಗೆ ಹಾರಿದ ದೃಶ್ಯವನ್ನು ದೇಶವೇ ನೋಡಿತು. ಕೆರೆಯೆದುರಿನ ಮನೆಯೆಂದು ಹೆಚ್ಚಿನ ಹಣ ಕೊಟ್ಟು ಕೊಂಡವರು ಕಿಟಕಿ ಮುಚ್ಚಿ ಕುಳಿತರು.

ಕುಡಿಯುವ ನೀರಿಗೆ ಈ ಬಡಾವಣೆಗಳು ಬಹುಕಾಲ ಕೊಳವೆಬಾವಿಯನ್ನೇ ನೆಚ್ಚಿದ್ದುವು. 2024ರ ಬೇಸಗೆಯಲ್ಲಿ ಅವು ಸಾಲಾಗಿ ಬತ್ತಿದುವು. ಆ ಮಾರ್ಚಿಯಲ್ಲಿ ಸರ್ಕಾರವು ಟ್ಯಾಂಕರಿಗೆ ದರ ಕಟ್ಟಬೇಕಾಯಿತು: 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಈಜುಕೊಳವಿರುವ ಮಾಳಿಗೆಯಲ್ಲಿ ಸ್ನಾನಕ್ಕೆ ನೀರಿಲ್ಲದಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತವು ಆರಂಭಗೊಂಡಿತು. ದಿನಕ್ಕೆ 77 ಕೋಟಿ 50 ಲಕ್ಷ ಲೀಟರು ನೀರನ್ನು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಒದಗಿಸುವುದು ಅದರ ಗುರಿ. ಕೊಳಾಯಿ ಸಂಪರ್ಕವಾದ ಬೀದಿಗೂ ಆಗದ ಬೀದಿಗೂ ನಡುವೆ ಅಂದಿನಿಂದ ಹೊಸದೊಂದು ಅಂತರ ಹುಟ್ಟಿದೆ. ಮನೆ ನೋಡಲು ಬಂದ ಗೃಹಿಣಿಯು ಅಡಿಗೆಮನೆಗಿಂತ ಮೊದಲು "ಕಾವೇರಿ ಇದೆಯೇ?" ಎಂದು ವಿಚಾರಿಸುವುದು ಇದರಿಂದಲೇ.

ಕಾಗದದ ಬಲ

ದಾರಿ ಮತ್ತು ನೀರು ಕಣ್ಣಿಗೆ ಕಾಣುವಂಥವು. ಕಾಣದಿರುವುದು ಕಾಗದ. ಈ ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ಹೊಲಗಳು ಭೂಪರಿವರ್ತನೆಯಾಗದೆ, ನಕ್ಷೆಗೆ ಮಂಜೂರಾತಿಯಿಲ್ಲದೆ ಕಂದಾಯ ನಿವೇಶನಗಳಾಗಿ ಮಾರಾಟವಾಗಿದ್ದುವು. ಪಾಲಿಕೆಯು ಅಂಥವುಗಳಿಂದ ತೆರಿಗೆಯನ್ನೇನೋ ಪಡೆಯಿತು. ಆದರೆ ಬೇರೆ ಪುಸ್ತಕದಲ್ಲಿ ಬರೆದುಕೊಂಡಿತು. ಅದೇ ಜನರ ಮಾತಿನ 'ಬಿ ಖಾತೆ'. ಎ ಖಾತೆಯ ನಿವೇಶನಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ಮನೆ ಕಟ್ಟಲು ಪರವಾನಗಿ ಸಿಗುತ್ತದೆ. ಬಿ ಖಾತೆಯವನಿಗೆ ಎರಡೂ ಕಷ್ಟ. ಒಂದೇ ಬೀದಿಯ ಎಡಬಲಗಳಲ್ಲಿ ಬೆಲೆ ಬೇರೆಯಾಗುವುದು ಹೀಗೆ. 2024ರ ಅಕ್ಟೋಬರಿನಿಂದ ನಗರದಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರಲ್ಲಿ ಬಿ ಖಾತೆಯನ್ನು ಶುಲ್ಕ ಪಡೆದು ಎ ಖಾತೆಯಾಗಿಸುವ ದಾರಿಯೂ ತೆರೆಯಿತು. ಅದೇ ವರ್ಷ ಪಾಲಿಕೆಯು ಐದಾಗಿ ಒಡೆದು, ಈ ಸೀಮೆಯು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು.

ಕೊಳ್ಳುವವನು ಹೇಳಿದ ಬೆಲೆಯನ್ನಷ್ಟೇ ಕೂಡಿಟ್ಟರೆ ಸಾಲದು. 60 ಲಕ್ಷ ರೂಪಾಯಿಯ ಮನೆಯೆಂದರೆ ಶೇಕಡ 5ರಂತೆ ಮುದ್ರಾಂಕ ಶುಲ್ಕ 3 ಲಕ್ಷ, 2025ರ ಆಗಸ್ಟ್ ಕೊನೆಯಿಂದ ಶೇಕಡ 2ಕ್ಕೆ ಏರಿದ ನೋಂದಣಿ ಶುಲ್ಕ 1 ಲಕ್ಷ 20 ಸಾವಿರ, ಉಪಕರಗಳು ಬೇರೆ. ಮಾಳಿಗೆಯ ಮನೆಯಾದರೆ ಒಳಗೆ ಕಾಲಿಡುವ ನೆಲವೆಷ್ಟು, ಮೆಟ್ಟಿಲು ಮೊಗಸಾಲೆಗಳ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ರೇರಾ ಎಂದು ಹೆಸರಾದ 2016ರ ಕಾನೂನು ಒಳಗಿನ ನೆಲದ ಅಳತೆಯನ್ನು ಹೇಳಲೇಬೇಕೆಂದು ಕಟ್ಟುವವರಿಗೆ ವಿಧಿಸಿದೆ.

ಬಾಡಿಗೆಯವರು

ಕೊಳ್ಳಲಾರದವರ ಸಂಖ್ಯೆಯೇ ಹೆಚ್ಚು. ಹೊಲದಲ್ಲಿ ಒಂದಷ್ಟನ್ನು ಉಳಿಸಿಕೊಂಡ ಹಳೆಯ ಒಕ್ಕಲು ಮನೆತನಗಳು ಅದರ ಮೇಲೆ ನಾಲ್ಕೈದು ಅಂತಸ್ತು ಏರಿಸಿ ಬಾಡಿಗೆಯಿಂದ ಬಾಳುತ್ತಿವೆ. ಮೊದಲೇ ಎಲ್ಲವನ್ನೂ ಮಾರಿದವರ ಮಕ್ಕಳು ಕೆಲವರು ಅದೇ ನೆಲದ ಮೇಲೆದ್ದ ಕಟ್ಟಡಗಳಿಗೆ ಕಾವಲಿದ್ದಾರೆ. ಹತ್ತು ತಿಂಗಳ ಮುಂಗಡ ಬೆಂಗಳೂರಿನ ಹಳೆಯ ರೂಢಿ. ಇಡಿಗಂಟು ಕೊಟ್ಟು ಭೋಗ್ಯಕ್ಕೆ ಹಿಡಿಯುವವರೂ ಉಂಟು. 2020ರ ಸೋಂಕಿನ ಕಾಲದಲ್ಲಿ ತರುಣರು ಊರಿಗೆ ಮರಳಿದಾಗ ಕೋಣೆಗಳು ಬರಿದಾಗಿ ಬಾಡಿಗೆ ಕುಸಿಯಿತು. 2022ರಿಂದ ಅವರು ಹಿಂತಿರುಗಲು, ಬಾಡಿಗೆಯು ಹಿಂದಿನ ಮಟ್ಟವನ್ನು ದಾಟಿ ಏರಿತು. ಆ ಏರಿಕೆಯ ಪೆಟ್ಟು ಹೆಚ್ಚಾಗಿ ತಗಲಿದ್ದು ಮನೆಗೆಲಸದವರಿಗೆ, ಗಾರೆಯವರಿಗೆ. ಉತ್ತರ ಕರ್ನಾಟಕದಿಂದಲೂ ಒಡಿಶಾ, ಬಂಗಾಳಗಳಿಂದಲೂ ಬಂದ ಅವರು ತಗಡಿನ ಶೆಡ್ಡುಗಳಲ್ಲಿದ್ದುಕೊಂಡು ಹದಿನೆಂಟು ಅಂತಸ್ತಿನ ಮನೆಗಳನ್ನು ಕಟ್ಟುತ್ತಾರೆ. ಕಟ್ಟಡ ಮುಗಿದರೆ ಶೆಡ್ಡೂ ಮುಂದಕ್ಕೆ ಹೋಗುತ್ತದೆ.

ವೈಟ್‌ಫೀಲ್ಡಿನಲ್ಲಿ ಮನೆ ಕೊಳ್ಳಬೇಕೆಂಬ ಸಂಸಾರವಂದಿಗನು ಆ ಊರನ್ನು ಮೂರು ಬಾರಿ ನೋಡುವುದು ಲೇಸು. ನೀರಿನ ನಿಜ ತಿಳಿಯಲು ಏಪ್ರಿಲಿನಲ್ಲಿ ಒಮ್ಮೆ, ದಾರಿಯ ನಿಜ ತಿಳಿಯಲು ಮಳೆಗಾಲದ ಒಂದು ಸಂಜೆ ಇನ್ನೊಮ್ಮೆ. ಮೂರನೆಯ ಬಾರಿ ಮನೆಯ ಕಡೆಗೆ ಹೋಗದೆ ಉಪನೋಂದಣಿ ಕಚೇರಿಗೆ ಹೋಗಿ, ಮೂಲಪತ್ರದಿಂದ ಇಂದಿನವರೆಗಿನ ಋಣಭಾರದ ವಿವರವನ್ನು ಓದಬೇಕು. ಗೋಡೆಯ ಬಣ್ಣವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಬತ್ತಿದ ಬಾವಿಯನ್ನೂ ಕೆಟ್ಟ ಕಾಗದವನ್ನೂ ಸರಿಪಡಿಸುವುದಕ್ಕೆ ಒಂದು ಸಂಸಾರದ ಆಯುಷ್ಯ ಸಾಲದೆ ಹೋಗಬಹುದು.