ಜಮಖಾನ ಹಾಸುವವರು

ಸ್ವಯಂಸೇವಾ ಸಂಸ್ಥೆಯವರು ಊರಿಗೆ ಕಾಲಿಟ್ಟ ದಿನ ಎದುರಾಗುವ ಮೊದಲ ಪ್ರಶ್ನೆ, ‘ಏನ್ ಕೊಡ್ತೀರಿ?’ ಕೇಳುವವರದೇನೂ ತಪ್ಪಿಲ್ಲ. ಹಿಂದೆ ಬಂದವರು ಹೊಲಿಗೆ ಯಂತ್ರ ಕೊಟ್ಟಿದ್ದರು, ಅದಕ್ಕೂ ಹಿಂದಿನವರು ಆಡು ಕೊಟ್ಟಿದ್ದರು, ಚುನಾವಣೆಗೆ ಬಂದವರು ಸೀರೆ ಹಂಚಿದ್ದರು. ‘ಕೊಡ್ಲಿಕ್ಕೆ ಏನೂ ತಂದಿಲ್ಲವ್ವಾ, ಎಲ್ಲಾರೂ ಕೂತು ಮಾತಾಡೂಣು ಅಂತ ಬಂದೇವಿ’ ಎಂದು ಉತ್ತರ ಕೊಟ್ಟು, ಅದಾದ ಮೇಲೂ ಆ ಮನೆಯ ಕಟ್ಟೆಯ ಮೇಲೆ ಕೂತಿರುವುದಕ್ಕೆ ಎದೆಗಾರಿಕೆ ಬೇಕು. ಧಾರವಾಡ, ಹಾವೇರಿ, ಗದಗ ಸೀಮೆಯ ಹಳ್ಳಿಗಳಲ್ಲಿ ಅದನ್ನೇ ಉದ್ಯೋಗ ಮಾಡಿಕೊಂಡ ಅನೇಕ ಹೆಣ್ಣುಮಕ್ಕಳನ್ನು, ಕೆಲವು ಗಂಡಸರನ್ನು ನಾನು ಬಲ್ಲೆ. ಜನರನ್ನು ಒಂದು ಕಡೆ ಕೂಡಿಸುವುದು ಅವರ ಕೆಲಸ. ಕೂಡಿದ ಮೇಲಿನದ್ದೆಲ್ಲ ವರದಿಯಲ್ಲಿ ಬರುತ್ತದೆ. ಕೂಡುವ ಮುಂಚೆ ಅವರು ಪಟ್ಟ ಪಾಡು ಎಲ್ಲಿಯೂ ಬರುವುದಿಲ್ಲ.

ಊರಿನ ಹೆಂಗಸರು ಮನೆಯಲ್ಲಿ ಸಿಗುವುದು ಬೆಳಗ್ಗೆ ಎಂಟರೊಳಗೆ, ಇಲ್ಲವೇ ರಾತ್ರಿ ರೊಟ್ಟಿ ಬಡಿದಾದ ಮೇಲೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಂತೂ ಹಗಲು ಹೊತ್ತು ಓಣಿಯಲ್ಲಿ ಮುದುಕರು, ಕೂಸುಗಳು, ನಾಯಿಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಹೀಗಾಗಿ ಕಚೇರಿಯ ಹಾಜರಿ ಪುಸ್ತಕ ಹತ್ತರಿಂದ ಐದು ಎಂದರೂ ಕಾರ್ಯಕರ್ತೆಯ ನಿಜವಾದ ದುಡಿಮೆ ಆ ಎರಡು ತುದಿಗಳ ಆಚೆಗೇ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಮೀಟಿಂಗ್ ಮುಗಿದರೆ ತಿರುಗಿ ಹೋಗಲು ಗಾಡಿ ಇಲ್ಲ. ವಸತಿ ಬಸ್ಸು ಅಲ್ಲೇ ನಿಂತಿರುತ್ತದೆ, ಹೊರಡುವುದು ನಸುಕಿನಲ್ಲಿ. ಆಗ ಯಾರದೋ ಮನೆಯ ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿದೆ. ಮನೆಯಲ್ಲಿ ಗಂಡನಿಗೂ ಅತ್ತೆಗೂ ‘ಇವತ್ತ ರಾತ್ರಿ ಬರೂದಿಲ್ಲ’ ಎಂದು ಹೇಳುವ ಕಷ್ಟ ಮಾತ್ರ ಹಾಗೇ ಇದೆ.

ಇನ್ನು ಸಭೆಗೆ ಜಮಖಾನ ಎಲ್ಲಿ ಹಾಸಬೇಕೆಂಬುದು. ಹೊರಗಿನವರಿಗೆ ಇದೊಂದು ಪ್ರಶ್ನೆ ಅನಿಸುವುದೇ ಇಲ್ಲ. ಗುಡಿಯ ಕಟ್ಟೆ ವಿಶಾಲವಾಗಿದೆ, ನೆರಳಿದೆ, ದೀಪವಿದೆ. ಆದರೆ ಅಲ್ಲಿ ಹಾಸಿದರೆ ದಲಿತ ಕೇರಿಯ ಹೆಂಗಸರು ಬಂದು ಕೆಳಗೆ ನಿಲ್ಲುತ್ತಾರೆ, ಕೂಡುವುದಿಲ್ಲ. ಕೇರಿಯ ಸಮುದಾಯ ಭವನದಲ್ಲಿ ಹಾಸಿದರೆ ಮೇಲಿನ ಓಣಿಯವರಿಗೆ ಅವತ್ತೇ ಏನಾದರೊಂದು ಕೆಲಸ ಬೀಳುತ್ತದೆ. ಪಂಚಾಯಿತಿ ಕಟ್ಟಡದಲ್ಲಾದರೆ ಸೊಸೆಯಂದಿರು ಬಾಯಿ ತೆರೆಯುವುದಿಲ್ಲ, ಏಕೆಂದರೆ ಬಾಗಿಲಲ್ಲಿ ಊರ ಹಿರಿಯರು ಕೂತಿರುತ್ತಾರೆ. ಯಾರಾದರೂ ಸಾಹುಕಾರರ ಪಡಸಾಲೆಯಲ್ಲಿ ಹಾಸಿದರೆ ಆ ಸಂಘ ಸಾಯುವತನಕ ಅವರ ಸಂಘವೇ. ಬಲ್ಲ ಕಾರ್ಯಕರ್ತೆಯರು ಹೊಸ ಊರಿಗೆ ಹೋದರೆ ತಿಂಗಳುಗಟ್ಟಲೆ ಸಭೆ ಕರೆಯದೆ ಸುಮ್ಮನೆ ಓಡಾಡುವುದು ಇದಕ್ಕಾಗಿಯೇ. ಯಾರು ಯಾರ ಮನೆಯ ನೀರು ಕುಡಿಯುತ್ತಾರೆ, ಯಾವ ಎರಡು ಮನೆಗಳ ನಡುವೆ ಬದುವಿನ ಜಗಳವಿದೆ, ಯಾವ ಅತ್ತೆ ಸೊಸೆಯನ್ನು ಕಳಿಸುತ್ತಾಳೆ, ಯಾವಾಕೆ ಕಳಿಸುವುದಿಲ್ಲ ಎಂದು ತಿಳಿದುಕೊಳ್ಳುತ್ತಾರೆ. ಕೊನೆಗೆ ಬಹುಪಾಲು ಶಾಲೆಯ ಅಂಗಳವೋ ಅಂಗನವಾಡಿಯ ಜಗುಲಿಯೋ ಗಟ್ಟಿಯಾಗುತ್ತದೆ. ಅಲ್ಲಿಗೆ ಎಲ್ಲರ ಮಕ್ಕಳೂ ಬರುತ್ತಾರೆ, ಅದು ಯಾರೊಬ್ಬರ ಜಾಗವೂ ಅಲ್ಲ.

ಅಲ್ಲಿಯೂ ಮೊದಮೊದಲು ಒಂದೊಂದು ಓಣಿ ಒಂದೊಂದು ಅಂಚು ಹಿಡಿದು ಕೂಡುತ್ತದೆ. ಜಮಖಾನದ ನಡುವೆ ಮೊಳದಷ್ಟು ಜಾಗ ಖಾಲಿ. ಅದನ್ನು ಕಂಡು ಭಾಷಣ ಮಾಡಿದರೆ ಮುಂದಿನ ವಾರ ಯಾರೂ ಬರುವುದಿಲ್ಲ. ನಾನು ಕಂಡ ಒಬ್ಬ ಹಿರಿಯ ಕಾರ್ಯಕರ್ತೆ ಆ ಖಾಲಿ ಜಾಗದಲ್ಲಿ ತಾವೇ ಹೋಗಿ ಕೂತು, ಎರಡೂ ಕಡೆಯ ಕೂಸುಗಳನ್ನು ತೊಡೆಯ ಮೇಲೆ ಎತ್ತಿಕೊಂಡು ಮೀಟಿಂಗ್ ನಡೆಸುತ್ತಿದ್ದರು. ಕೂಸು ಅತ್ತಾಗ ತಾಯಿ ಹತ್ತಿರ ಸರಿಯಲೇಬೇಕು. ಇದನ್ನು ಅವರಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ತರಬೇತಿಯಲ್ಲಿ ಹೇಳಿಕೊಡುವ ಒಳ್ಳೆಯ ವಿದ್ಯೆಗಳೂ ಇವೆ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸುವುದು ಅದರಲ್ಲೊಂದು. 1980ರ ದಶಕದ ಕೊನೆಯಲ್ಲಿ ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಮೊದಲು ರೂಢಿಗೆ ತಂದವರಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯವರೂ ಇದ್ದರು. ಗಂಡಸರಿಗೆ ಬರೆಯಲು ಕೊಟ್ಟರೆ ರಸ್ತೆ, ಗುಡಿ, ಸೊಸಾಯಿಟಿ ಮೊದಲು ಮೂಡುತ್ತವೆ. ಹೆಂಗಸರಿಗೆ ಕೊಟ್ಟರೆ ನಲ್ಲಿ, ಕಟ್ಟಿಗೆ ತರುವ ದಾರಿ, ಬಯಲಿಗೆ ಹೋಗುವ ಜಾಗ, ಸಾರಾಯಿ ಮಾರುವ ಮನೆ ಬರುತ್ತವೆ. ಆಮೇಲೆ ಹುಣಸೆ ಬೀಜ ಇಟ್ಟು ಯಾವ ಮನೆಯಲ್ಲಿ ಎಷ್ಟು ಜನ ಎಂದು ಎಣಿಸುತ್ತಾರೆ. ಒಂದು ಮನೆಯ ಮುಂದೆ ನಾಲ್ಕು ಬೀಜ ಇಟ್ಟು ಒಬ್ಬಾಕೆ ಕೈ ಹಿಂದಕ್ಕೆ ತೆಗೆದಾಗ, ಪಕ್ಕದಾಕೆ ಸದ್ದಿಲ್ಲದೆ ಐದನೆಯದನ್ನು ಇಡುತ್ತಾಳೆ. ಹಿತ್ತಲ ಕೋಣೆಯಲ್ಲಿ ಹಾಸಿಗೆ ಹಿಡಿದ ಅಂಗವಿಕಲ ಹುಡುಗಿಯೊಬ್ಬಳು ಅಲ್ಲಿದ್ದಾಳೆಂದು ಕಾರ್ಯಕರ್ತೆಗೆ ತಿಳಿಯುವುದು ಆಗಲೇ. ಅವಳ ಪಿಂಚಣಿಗೆ ಅರ್ಜಿ ಹಾಕಿಸುವುದಕ್ಕೆ ಮುಂದೆ ವರ್ಷ ಹಿಡಿಯಬಹುದು. ಆಧಾರ್ ಇಲ್ಲ, ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಗೆ ಹೊತ್ತೊಯ್ಯಬೇಕು, ಹೊತ್ತೊಯ್ಯಲು ಅಪ್ಪನ ಕೂಲಿ ತಪ್ಪಬೇಕು.

ಮೈರಾಡದ ಮಾತು ಬಂತಲ್ಲ, ಅದರ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ತಿರುವಿದೆ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಸಂಸ್ಥೆ ಅದು. 1980ರ ದಶಕದ ಮಧ್ಯದಲ್ಲಿ ಅವರು ಕಟ್ಟಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲವನ್ನು ನಿಮಗೆ ತೀರಿಸುತ್ತೇವೆ, ಆ ಸಹಕಾರ ಸಂಘಕ್ಕೆ ಮಾತ್ರ ತೀರಿಸುವುದಿಲ್ಲ ಎಂದರು. ಹಾಗಾದರೆ ನಿಮ್ಮ ನಿಮ್ಮ ಗುಂಪಿಗೇ ತೀರಿಸಿಕೊಳ್ಳಿ ಎಂದು ಸಂಸ್ಥೆಯವರು ಒಪ್ಪಿದರು. 1987ರಲ್ಲಿ ನಬಾರ್ಡ್ ಅಂಥ ಗುಂಪುಗಳಿಗಾಗಿ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭವಾಯಿತು. ಇವತ್ತು ಊರೂರಲ್ಲಿರುವ ಸ್ವಸಹಾಯ ಸಂಘಗಳ ಬೇರು ಅಲ್ಲಿಯೂ ಇದೆ. ತಮ್ಮ ಯೋಜನೆ ಮುರಿದುಬಿದ್ದ ಹೊತ್ತಿನಲ್ಲಿ, ಮುರಿದವರು ಹೇಳುವುದನ್ನು ಕೂತು ಕೇಳಿದರಲ್ಲ, ಆ ಸಿಬ್ಬಂದಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಜನರದೇ ತಪ್ಪು ಎಂದು ಬರೆದು ಕಡತ ಮುಚ್ಚುವುದು ಅವತ್ತು ಬಹಳ ಸುಲಭವಿತ್ತು.

ನಮ್ಮ ಭಾಗದ್ದೇ ಇನ್ನೊಂದು ಸಂಗತಿ. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಗೋಮಾಳ, ಗಾಯರಾಣ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟವು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದನ್ನು ಎದುರಿಸಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೊ ಹಚ್ಚಿಕೊ’ ಎಂದು ಅದು ಹೆಸರಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಈ ಹೋರಾಟದ ಮುಂದಾಳು ಎಸ್. ಆರ್. ಹಿರೇಮಠರ ಹೆಸರು ನಾಡಿಗೆಲ್ಲ ಗೊತ್ತು, ಗೊತ್ತಿರಬೇಕಾದದ್ದೇ. ಆದರೆ ದನ ಕಾಯುವವನಿಗೂ ಕಟ್ಟಿಗೆ ತರುವಾಕೆಗೂ ‘ನಿಮ್ಮ ಗಾಯರಾಣ ಕಂಪನಿಗೆ ಹೋಗಿದೆ’ ಎಂಬ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಬೇಕು, ಕಾಗದದಲ್ಲಿ ಏನಿದೆ ಎಂದು ಓದಿ ಹೇಳಬೇಕು, ಇಂಥ ದಿನ ಇಂಥ ಊರಿಗೆ ಬನ್ನಿ ಎನ್ನಬೇಕು. ಇವನ್ನೆಲ್ಲ ಮಾಡದೆ ಯಾವ ಸತ್ಯಾಗ್ರಹಕ್ಕೂ ಜನ ಸೇರುವುದಿಲ್ಲ. ಹಾಗೆ ತಿರುಗಿದವರ ಹೆಸರು ಬರೆದಿಟ್ಟಿರುವುದು ಬಹಳ ಕಡಿಮೆ.

ಹೆಸರು ಬಾರದವರಲ್ಲಿ ಸಂಸ್ಥೆಯ ಡ್ರೈವರ್ ಕೂಡ ಒಬ್ಬ. ಮೀಟಿಂಗ್ ಒಳಗೆ ನಡೆಯುವಾಗ ಅವನು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂತಿರುತ್ತಾನೆ. ಒಳಗೆ ‘ಎಲ್ಲಾ ಚಲೋ ಐತ್ರಿ ಅಕ್ಕಾರ’ ಎಂದವರ ಗಂಡಂದಿರು ಹೊರಗೆ ಅವನ ಮುಂದೆ ನಿಜ ಆಡುತ್ತಾರೆ. ಸಂಘದ ದುಡ್ಡು ಯಾರ ಮದುವೆಗೆ ಖರ್ಚಾಯಿತು, ಕೆರೆ ಕೆಲಸದಲ್ಲಿ ಯಾರ ಜೆಸಿಬಿ ಓಡಿತು ಎಂಬುದೆಲ್ಲ ಜೀಪಿನಲ್ಲಿ ಮರಳುವಾಗ ಅವನ ಬಾಯಿಂದಲೇ ಹೊರಬರುತ್ತದೆ.

ಇನ್ನೊಬ್ಬರು ಅಕೌಂಟೆಂಟ್. ಮೂವತ್ತು ಜನಕ್ಕೆ ಚಹಾ ಕೊಟ್ಟ ಹಳ್ಳಿಯ ಅಂಗಡಿಯವನ ಬಳಿ ಬಿಲ್ ಪುಸ್ತಕ ಇರುವುದಿಲ್ಲ, ಜಮಖಾನ ಒಗೆದು ಕೊಟ್ಟಾಕೆಗೆ ಸಹಿ ಬರುವುದಿಲ್ಲ. ವೋಚರ್ ಬರೆಯಿಸಿ, ಹೆಬ್ಬೆಟ್ಟು ಹಾಕಿಸಿ, ಐದು ಸಾವಿರ ದಾಟಿದ ರಸೀದಿಗೆ ಕಂದಾಯ ಸ್ಟ್ಯಾಂಪ್ ಅಂಟಿಸಿ ಕಡತ ಕೂಡಿಸುವವರು ಇವರು. ಕ್ಷೇತ್ರದಿಂದ ಬಂದವರಿಗೆ ಇವರ ಮೇಲೆ ಸಿಟ್ಟು ಬರುತ್ತದೆ. ನಾನು ಮಾತ್ರ ಇವರ ಪರ. ಹಳ್ಳಿಗಾಗಿ ಬಂದ ಹಣದ ಒಂದೊಂದು ರೂಪಾಯಿಯ ದಾರಿಯನ್ನೂ ತೋರಿಸಬಲ್ಲ ಕಚೇರಿಗಳು ನಮ್ಮ ನಾಡಿನಲ್ಲಿ ಎಷ್ಟಿವೆ?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ಇವರೆಲ್ಲರ ಬೆಲೆ ಕಣ್ಣಿಗೆ ಕಂಡಿತು. ರೇಷನ್ ಕಿಟ್ ಹಂಚಲು ಹಣ ಕೊಡುವವರು ಮುಂದೆ ಬಂದರು, ಸರ್ಕಾರದ ಬಳಿ ಪಟ್ಟಿಯೂ ಇತ್ತು. ಆದರೆ ಗುಳೆ ಹೋಗಿ ಗೋವಾದಿಂದ ನಡೆದು ಬಂದವರ ಹೆಸರು, ಕಾರ್ಡು ಬೇರೆ ಊರಿನಲ್ಲಿದ್ದವರ ಹೆಸರು, ಹಿಟ್ಟಿನ ಡಬ್ಬಿ ಬರಿದಾದರೂ ಕೇಳಲು ನಾಚುವ ಮನೆಗಳ ಹೆಸರು ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಅದು ಕಾರ್ಯಕರ್ತೆಯರ ತಲೆಯಲ್ಲಿತ್ತು. ಫೋನಿನಲ್ಲೇ ಓಣಿ ಓಣಿಯ ಲೆಕ್ಕ ಹೇಳಿದರು.

ಇಂಥವರಿಗೆ ಸಿಗುವುದನ್ನು ಗೌರವಧನ ಎಂದು ಕರೆಯುತ್ತಾರೆ, ಸಂಬಳ ಎನ್ನುವುದು ಕಡಿಮೆ. ಪ್ರಾಜೆಕ್ಟ್ ಮೂರು ವರ್ಷದ್ದಾದರೆ ಕೆಲಸವೂ ಮೂರು ವರ್ಷದ್ದು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು, ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ ಎಂದೂ ಆಯಿತು. ಹಣದ ಮೇಲೆ ಕಣ್ಣಿರಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆದು ತಾಲ್ಲೂಕಿನ ಮೂಲೆಯಲ್ಲಿ ಹತ್ತು ಹಳ್ಳಿ ನೋಡಿಕೊಳ್ಳುತ್ತಿದ್ದ ಸಣ್ಣ ಸಂಘಗಳಿಗೆ ಇದರಿಂದ ಬಿದ್ದ ಪೆಟ್ಟು ದೊಡ್ಡದು. ಕಂಪನಿಗಳ ಹಣವಿದೆಯಲ್ಲ ಎನ್ನಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದು ಬಹಳಷ್ಟು ಹೋಗುವುದು ಕಣ್ಣಿಗೆ ಕಾಣುವ ವಸ್ತುಗಳಿಗೆ, ಅಂದರೆ ಶಾಲೆಗೆ ಬಣ್ಣ, ಶುದ್ಧ ನೀರಿನ ಘಟಕ, ಕಂಪ್ಯೂಟರ್. ಎಲ್ಲವೂ ಬೇಕು. ಆದರೆ ಆ ನೀರಿನ ಘಟಕ ಕೆಟ್ಟ ದಿನ ಯಾರು ಯಾರನ್ನು ಕರೆದು ಸರಿಪಡಿಸಬೇಕೆಂಬ ಮಾತು ಊರಿನಲ್ಲಿ ಮೊದಲೇ ಆಗಿರದಿದ್ದರೆ ಅದು ಹಾಗೇ ಬೀಗ ಹಾಕಿಕೊಂಡು ನಿಲ್ಲುತ್ತದೆ. ನಿಂತಿರುವುದನ್ನು ನೀವೂ ನೋಡಿರುತ್ತೀರಿ.

ಪ್ರಾಜೆಕ್ಟ್ ಮುಗಿದಾಗ ಸಂಸ್ಥೆ ಕಡತಗಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳುತ್ತದೆ. ಕಾರ್ಯಕರ್ತೆ ಬೇರೆ ಕೆಲಸ ಹುಡುಕುತ್ತಾಳೆ: ಸಣ್ಣ ಸಾಲ ಕೊಡುವ ಕಂಪನಿಯ ವಸೂಲಿ, ಅಂಗಡಿಯ ಲೆಕ್ಕ, ಇಲ್ಲವೇ ಮನೆಯಲ್ಲಿ ಹೊಲಿಗೆ. ಮತ್ತೆ ಎರಡು ವರ್ಷಕ್ಕೆ ಹೊಸ ಯೋಜನೆಯೊಂದಿಗೆ ಹೊಸಬರು ಬಂದರೆ ಊರಿನವರು, ‘ಹ್ವಾದ ಸಲ ಬರ್ತಿದ್ಲಲ್ಲಾ, ಆಕಿ ಎಲ್ಲಿ?’ ಎಂದು ಕೇಳುತ್ತಾರೆ. ಹೊಸಬರು ಜಮಖಾನವನ್ನು ಗುಡಿಯ ಕಟ್ಟೆಯ ಮೇಲೆ ಹಾಸುತ್ತಾರೆ. ಎಲ್ಲವೂ ಮೊದಲಿನಿಂದ.

ಆದ್ದರಿಂದ ಹಣ ಕೊಡುವವರಲ್ಲಿ, ಸಂಸ್ಥೆ ನಡೆಸುವವರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ಯೋಜನೆಯ ಮೊದಲ ವರ್ಷವನ್ನು ಬರೀ ಓಡಾಟಕ್ಕೆ, ಕೂಡುವುದಕ್ಕೆ ಬಿಡಿ. ಅದಕ್ಕೆ ಸಂಬಳವನ್ನು ಸಂಬಳವೆಂದೇ ಕೊಡಿ, ಭವಿಷ್ಯ ನಿಧಿ ಸಮೇತ. ಆ ವರ್ಷದ ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ ಕೇಳಬೇಡಿ, ಬ್ಯಾನರ್ ಹಿಡಿದ ಫೋಟೊ ಕೇಳಬೇಡಿ. ವಾರ್ಡ್ ಸಭೆಯಲ್ಲಿ ಯಾರು ಮೊದಲ ಸಲ ಬಾಯಿಬಿಟ್ಟರು, ಯಾವ ಠರಾವು ಪುಸ್ತಕದಲ್ಲಿ ದಾಖಲಾಯಿತು, ಯಾವ ಓಣಿಯವರು ಇನ್ನೂ ಬಂದಿಲ್ಲ, ಯಾಕೆ ಬಂದಿಲ್ಲ ಎಂದು ಕೇಳಿ. ಯೋಜನೆ ಮುಗಿದ ಮೇಲೂ ಹೋಬಳಿಗೊಬ್ಬರಂತೆ ಹಳಬರನ್ನು ಉಳಿಸಿಕೊಳ್ಳಲು ಹಣ ತೆಗೆದಿಡಿ, ಹೊಸಬರು ಬಂದಾಗ ಮೊದಲ ಮೂರು ತಿಂಗಳು ಅವರ ಜೊತೆ ಓಣಿ ತಿರುಗಲಿ.