ಬಸವಸಾಗರದ ಕಿರಿಯ ಅತಿಥಿಗಳು

ಕಳೆದ ಮಾಘಮಾಸದಲ್ಲಿ ನಾವು ನಾರಾಯಣಪುರಕ್ಕೆ ಹೋಗಿದ್ದೆವು. ಕೃಷ್ಣೆಗೆ ಅಡ್ಡಲಾಗಿ 1982ರಲ್ಲಿ ಕಟ್ಟಿ ಮುಗಿಸಿದ ಬಸವಸಾಗರದ ಹಿನ್ನೀರು ಸರಿದಿದ್ದ ಕೆಸರಿನಲ್ಲಿ, ಗುಬ್ಬಿಗಾತ್ರದ ಹಕ್ಕಿಗಳು ಓಡೋಡಿ ಹುಳು ಹೆಕ್ಕುತ್ತಿದ್ದುವು. ಆಂಗ್ಲರು ಲಿಟ್ಲ್ ಸ್ಟಿಂಟ್ ಎಂದು ಕರೆಯುವ ಇವುಗಳ ಜನ್ಮಭೂಮಿಯು ಉತ್ತರಧ್ರುವದ ಸಮೀಪದ, ಮರವೇ ಬೆಳೆಯದ ಟಂಡ್ರಾ ಪ್ರದೇಶವೆಂದರೆ ವಾಚಕರು ನಂಬುವರೇ? ಅಲ್ಲಿಯ ಹಿಮಸಾರಂಗಕ್ಕೆ ದಟ್ಟವಾದ ರೋಮವುಂಟು; ನರಿಗೆ ಚಳಿಗಾಲದಲ್ಲಿ ಬಿಳುಪಾಗುವ ತುಪ್ಪಳವುಂಟು. ಸುಮಾರು 25 ಗ್ರಾಂ ತೂಗುವ ಈ ಹಕ್ಕಿಗೆ ಪಲಾಯನವೇ ಕವಚ. ಸೂರ್ಯನು ಮುಳುಗದ ಅಲ್ಪಕಾಲದ ಬೇಸಗೆಯಲ್ಲಿ, ಕ್ರಿಮಿಕೀಟಗಳು ಹೇರಳವಾಗಿರುವಾಗಲೇ ಮರಿಗಳು ಬೆಳೆಯಬೇಕು. ಹಿರಿಯ ಹಕ್ಕಿಗಳು ಮೊದಲೇ ದಕ್ಷಿಣಕ್ಕೆ ಹೊರಟುಬಿಡುವುವು. ಮರಿಗಳು ಆ ಬಳಿಕ, ದಾರಿ ತೋರುವ ತಾಯ್ತಂದೆಗಳಿಲ್ಲದೆ, ನೆಲ ಹೆಪ್ಪುಗಟ್ಟುವ ಮುನ್ನ ಸಾವಿರಾರು ಮೈಲಿ ಹಾರಿಬರಬೇಕು. ಮೂವತ್ತು ವರ್ಷ ಹುಡುಗರಿಗೆ ದಿಕ್ಕು ಕಲಿಸಿದ ನಮಗೆ ತುಸು ನಾಚಿಕೆಯೇ ಆಯಿತು. ವೈಶಾಖದ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಉತ್ತರಕ್ಕೆ ಹಿಂದಿರುಗುವುವು.