ಗಾಡಿ ಎಳೀತಿಲ್ಲ ಅಂದಾಗ

ಬೇತಮಂಗಲದ ಪಕ್ಕದಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ನಮ್ಮ ಸೀಮೆಯ ಹಳೇ ಕಾರುಗಳ ಕಾಯಿಲೆಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ನಮ್ಮ ಕಡೆಗಿನ ಸುಮಾರು 70 ಕಿಲೋಮೀಟರ್ ಉದ್ದದ ದಾರಿಯಲ್ಲಿ ವಾಹನಗಳು ಓಡಲು ಶುರುವಾದದ್ದು 2024ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿ, ಬಂಗಾರಪೇಟೆಯ ಸ್ಟೇಷನ್ ರಸ್ತೆ, ಮುಳಬಾಗಿಲಿನ ದಾರಿ ಅಂತ ನಲವತ್ತು ಐವತ್ತರ ವೇಗದಲ್ಲಿ ಮರ್ಯಾದೆಯಾಗಿ ಓಡಾಡಿಕೊಂಡಿದ್ದ ಡೀಸೆಲ್ ಕಾರುಗಳು ಈ ಅಗಲವಾದ ರಸ್ತೆ ಹತ್ತಿದೊಡನೆ ಎಂಬತ್ತಕ್ಕೆ ಏದುಸಿರು ಬಿಡತೊಡಗಿದವು. ಆಕ್ಸಿಲರೇಟರ್ ನೆಲಕ್ಕೆ ತಾಗಿದರೂ ಮುಳ್ಳು ಮೇಲಕ್ಕೇಳುವುದಿಲ್ಲ. ಪಕ್ಕದಲ್ಲಿ ಕೂತವರು ‘ಏನಾಯ್ತು?’ ಅಂತಾರೆ. ಓಡಿಸುವವರು ‘ಗಾಡಿ ಎಳೀತಿಲ್ಲ’ ಅಂತಾರೆ. ಮಿಕ್ಕ ಮಾತೆಲ್ಲ ಆಮೇಲೆ, ಗ್ಯಾರೇಜಿನ ಮುಂದಿನ ಬೆಂಚಿನ ಮೇಲೆ.

ನಮ್ಮಲ್ಲಿ ಈಗ ಓಡುತ್ತಿರುವ ಡೀಸೆಲ್ ಕಾರುಗಳಲ್ಲಿ ಬಹುಪಾಲು ಎರಡನೇ ಕೈಯವು, ಮೂರನೇ ಕೈಯವು. ಮಾರುತಿ ಕಂಪನಿ 2020ರ ಏಪ್ರಿಲ್ ಹೊತ್ತಿಗೆ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಬೇಕೆಂದವರು ಹಳೆಯದನ್ನೇ ಹುಡುಕಬೇಕು. ಬೆಂಗಳೂರಿನಲ್ಲಿ ಯೆಲ್ಲೋ ಬೋರ್ಡ್ ಹಾಕಿಕೊಂಡು ದುಡಿದದ್ದು ವೈಟ್ ಬೋರ್ಡ್ ಆಗಿ ಬರುತ್ತದೆ. 2015ರ ಹಸಿರು ನ್ಯಾಯಮಂಡಳಿಯ ಆದೇಶ, 2018ರ ಸುಪ್ರೀಂ ಕೋರ್ಟ್ ಆದೇಶಗಳ ನಂತರ ದೆಹಲಿಯಲ್ಲಿ ಓಡಿಸಲಾಗದೆ ಊರು ಬಿಟ್ಟ ಹಳೇ ಡೀಸೆಲ್ ಕಾರುಗಳೂ ಬೇರೆ ಬೇರೆ ರಾಜ್ಯಗಳಿಗೆ ಹಂಚಿಹೋದವು. ಇವೆಲ್ಲ ಟರ್ಬೊ ಇರುವ ಎಂಜಿನ್‌ಗಳು, ಎಲ್ಲಕ್ಕೂ ವಯಸ್ಸಾಗಿದೆ.

ನನ್ನ ಭಾವಮೈದ ಅಂಥದೊಂದು ಕಾರು ತಗೊಂಡಿದ್ದ. ತಿರುಪತಿಗೆ ಹೋಗುವಾಗ ಎಲ್ಲ ಇಳಿಜಾರು, ಏನೂ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಚಿತ್ತೂರು ದಾಟಿ ಮೊಗಿಲಿ ಘಾಟಿ ಹತ್ತಬೇಕಲ್ಲ, ಅಲ್ಲಿ ಕಾರು ಸೋತಿತು. ಹಿಂದೆ ಕರೀ ಹೊಗೆ, ಮುಂದೆ ಟೊಮೆಟೊ ಖಾಲಿ ಮಾಡಿ ಬರುತ್ತಿದ್ದ ಲಾರಿ, ಅದನ್ನೂ ಓವರ್‌ಟೇಕ್ ಮಾಡಲಾಗದೆ ಎರಡನೇ ಗೇರಿನಲ್ಲಿ ಪಲಮನೇರು ಮುಟ್ಟಿದ. ಮಾರನೇ ದಿನ ಒಂದು ಕಡೆ ತೋರಿಸಿದರೆ ಬಾನೆಟ್ ಎತ್ತಿದಷ್ಟೇ ಹೊತ್ತಿನಲ್ಲಿ ತೀರ್ಪು ಸಿಕ್ಕಿತು: ಟರ್ಬೊ ಹೋಗಿದೆ, ಹೊಸದು ಹಾಕಬೇಕು. ‘ಭಾವ, ಕಾರಿನ ಅರ್ಧ ಬೆಲೆ ಕೇಳ್ತಾರೆ, ಮಾರಿಬಿಡ್ಲಾ?’ ಅಂತ ಫೋನ್ ಮಾಡಿದ. ಆ ‘ಮಾರಿಬಿಡ್ಲಾ’ ಅನ್ನುವ ಮಾತು ನನಗೆ ತುಂಬ ಕಡೆ ಕೇಳಿಸಿದೆ. ಅದಕ್ಕೇ ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿತು.

ಟರ್ಬೊ ಮಾಡುವ ಕೆಲಸ ಸರಳ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಕಡ್ಡಿಯ ತುದಿಯಲ್ಲಿರುವ ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಿದ್ದಷ್ಟು ಡೀಸೆಲ್ ಹೆಚ್ಚು ಉರಿಸಬಹುದು, ಅಷ್ಟು ಶಕ್ತಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಲಾಭ ಎಷ್ಟು ಅಂತ ನೋಡಬೇಕಾದರೆ ನಮಗೆ ಗೊತ್ತಿರುವ ಎರಡು ಕಾರು ಸಾಕು. ಮೊದಮೊದಲ ಟಾಟಾ ಇಂಡಿಕಾದ 1405 ಸಿಸಿ ಡೀಸೆಲ್ ಎಂಜಿನ್‌ಗೆ ಟರ್ಬೊ ಇರಲಿಲ್ಲ, ಶಕ್ತಿ 53 ಅಶ್ವಶಕ್ತಿಯ ಆಸುಪಾಸು. 2007ರಲ್ಲಿ ಬಂದ ಡೀಸೆಲ್ ಸ್ವಿಫ್ಟಿನದು ಅದಕ್ಕಿಂತ ಚಿಕ್ಕ 1248 ಸಿಸಿ ಎಂಜಿನ್, ಕೊಟ್ಟದ್ದು 75. ಅದಕ್ಕೇ ಟರ್ಬೊ ಗಾಳಿ ತಪ್ಪಿದ ದಿನ ಚಿಕ್ಕ ಎಂಜಿನ್ ತನ್ನ ನಿಜವಾದ ಗಾತ್ರಕ್ಕೆ ಇಳಿದುಬಿಡುತ್ತದೆ.

ನಮ್ಮ ಊರಿನವರಿಗೆ ಈ ಟರ್ಬೊ ಇನ್ನೂ ಒಂದು ಪಟ್ಟು ಮುಖ್ಯ. ಬಂಗಾರಪೇಟೆ, ಕೆಜಿಎಫ್, ಬೇತಮಂಗಲ ಎಲ್ಲ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಊರುಗಳು. ಇಲ್ಲಿನ ಗಾಳಿ ಚೆನ್ನೈ ಗಾಳಿಗಿಂತ ತೆಳು, ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿನಷ್ಟು. ಎತ್ತರದಲ್ಲಿ ಟರ್ಬೊ ಹೇಗೆ ಕೈಹಿಡಿಯುತ್ತದೆ ಅಂತ ತೋರಿಸಲು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನೇ ಗಾಡಿಯ ಮೇಲಿಟ್ಟು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಒಯ್ದರು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ ಬರೀ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ ಅದೇ ತುದಿಯಲ್ಲಿ 356 ಕೊಟ್ಟಿತು. ಕಳೆದುಹೋದ ಗಾಳಿಯನ್ನು ಒಂದು ಪುಟ್ಟ ಚಕ್ರ ಪೂರ್ತಿ ವಾಪಸ್ ತಂದಿತ್ತು.

ಗಾಳಿ ವಿಷಯ ಬಂದಾಗ ಕೆಜಿಎಫ್ ಮಾತಾಡದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಆ ಊರು ಬದುಕಿದ್ದೇ ದೂರದಿಂದ ತಂದುಕೊಂಡದ್ದರ ಮೇಲೆ. ಕುಡಿಯುವ ನೀರು ನಮ್ಮ ಬೇತಮಂಗಲದ ಪಾಲಾರ್ ಕೆರೆಯಿಂದ ಪೈಪಿನಲ್ಲಿ ಹೋಯಿತು. ಕರೆಂಟು 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿಯ ಮೇಲೆ ಬಂತು, ಆ ಕಾಲಕ್ಕೆ ಲೋಕವೇ ತಿರುಗಿ ನೋಡಿದ ಉದ್ದ ಅದು. ಚಿನ್ನದ ಗಣಿಯ ಒಳಗೆ ಬಂಡೆ ಕೊರೆಯುವ ಡ್ರಿಲ್ಲುಗಳಿಗೆ ಬೇಕಾದ ಒತ್ತಿದ ಗಾಳಿ ಮೇಲಿನ ಕಂಪ್ರೆಸರುಗಳಿಂದ ಪೈಪಿನಲ್ಲಿ ಇಳಿಯುತ್ತಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಉದ್ದದ ಪೈಪಿನಲ್ಲಿ ಎಲ್ಲೋ ಒಂದು ಜಾಯಿಂಟ್ ಸಡಿಲವಾದರೆ ಕೆಳಗಿನವನ ಕೈಯಲ್ಲಿರುವ ಡ್ರಿಲ್ ಸೊರಗುತ್ತದೆ. ಡ್ರಿಲ್ಲಿನಲ್ಲಿ ದೋಷವಿಲ್ಲ, ಕಂಪ್ರೆಸರಿನಲ್ಲಿ ದೋಷವಿಲ್ಲ, ದೋಷ ನಡುವೆ. ಹಾಗಾಗಿ ಪೈಪ್‌ಲೈನ್ ಕೆಲಸ ಬಲ್ಲ ಫಿಟ್ಟರ್‌ಗಳು ಒತ್ತಡ ಕಡಿಮೆ ಅಂದಕೂಡಲೇ ಯಂತ್ರ ಬಿಚ್ಚುವುದಿಲ್ಲ. ಮೊದಲು ಲೈನಿನ ಉದ್ದಕ್ಕೂ ನಡೆಯುತ್ತಾರೆ, ಕಿವಿ ಇಡುತ್ತಾರೆ, ಕೈ ಆಡಿಸುತ್ತಾರೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಕೈಗಳು ಎಲ್ಲಿಗೆ ಹೋದವು? ಎಷ್ಟೋ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದರು, ಈಗಲೂ ಅವರ ಮಕ್ಕಳು ಹೋಗುತ್ತಿದ್ದಾರೆ. ಕೆಲವರು ಇಲ್ಲೇ ಶೆಡ್ ಹಾಕಿಕೊಂಡರು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಂಪನಿಯ ಇಲ್ಲಿನ ಕಾರ್ಖಾನೆಯಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ಕಟ್ಟಿ ನಿವೃತ್ತರಾದವರೂ ಈ ಸುತ್ತಿನಲ್ಲಿದ್ದಾರೆ. ಕಾರಿನಲ್ಲಿ ಟರ್ಬೊ ಬರುವ ಮೊದಲೇ ದೊಡ್ಡ ಯಂತ್ರಗಳಲ್ಲಿ ಅದರ ಸದ್ದು ಕೇಳಿ ಬಲ್ಲವರು ಅವರು. ಭಾವಮೈದನನ್ನು ನಾನು ಕರೆದುಕೊಂಡು ಹೋದದ್ದು ಅಂಥ ಒಬ್ಬರ ಶೆಡ್ಡಿಗೆ. ಅವರ ತಂದೆ ಮೈನ್ಸಿನಲ್ಲಿ ಪೈಪ್ ಫಿಟ್ಟರ್.

ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬಾನೆಟ್ ಎತ್ತಲಿಲ್ಲ, ಪ್ರಶ್ನೆ ಕೇಳಿದರು. ‘ಯಾವಾಗ ಎಳೆಯಲ್ಲ ತಮ್ಮಾ, ಶುರುವಿಗೇನಾ, ಓಡ್ತಾ ಓಡ್ತಾನಾ? ಒಂದೇ ಸಲ ಹೋಯ್ತಾ, ಬರ್ತಾ ಬರ್ತಾ ಹೋಯ್ತಾ? ಕೀ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತಾ? ಹೊಗೆ ಯಾವ ಬಣ್ಣ?’ ಒಂದೊಂದು ಉತ್ತರವೂ ಒಂದೊಂದು ದಾರಿ ಮುಚ್ಚಿ ಇನ್ನೊಂದು ತೆರೆಯುತ್ತದೆ. ಕೀ ಆಫ್ ಮಾಡಿ ಹಾಕಿದರೆ ಸರಿಯಾಗಿ, ಘಾಟಿಯಲ್ಲಿ ಮತ್ತೆ ಕೈಕೊಟ್ಟರೆ ಕಾರಿನ ಕಂಪ್ಯೂಟರ್ ಎಂಜಿನ್ನನ್ನು ಕಾಪಾಡಲು ತಾನೇ ಶಕ್ತಿ ತಗ್ಗಿಸಿದೆ ಅಂತ ತಿಳಿಯಬೇಕು. ಟರ್ಬೊದ ಒಳಗೆ ಹೊಗೆಯ ದಿಕ್ಕು ತಿರುಗಿಸುವ ಸಣ್ಣ ರೆಕ್ಕೆಗಳಿರುವ ಕಾರುಗಳಲ್ಲಿ ಇದು ಹೆಚ್ಚು. ಸಿಟಿಯಲ್ಲಿ ನಿಧಾನವಾಗಿಯೇ ಓಡಿದ ಕಾರಿಗೆ ಮಸಿ ಕಟ್ಟಿ ಆ ರೆಕ್ಕೆಗಳು ಬಿಗಿಯುತ್ತವೆ. ಶುಚಿ ಮಾಡಿದರೆ ಎಷ್ಟೋ ಸಲ ಮತ್ತೆ ಆಡುತ್ತವೆ.

ಹೊಗೆಯ ಬಣ್ಣ ಓದುವುದೂ ಅಷ್ಟೇ. ಕರೀ ಹೊಗೆ ಅಂದರೆ ಡೀಸೆಲ್ ಇದೆ, ಅದಕ್ಕೆ ತಕ್ಕ ಗಾಳಿ ಇಲ್ಲ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಆಗ ಟರ್ಬೊದ ಸೀಲನ್ನೋ ಎಂಜಿನ್ನಿನ ರಿಂಗನ್ನೋ ಅನುಮಾನಿಸಬೇಕು. ಹೊಗೆಯೇ ಇಲ್ಲದೆ ಎಳೆತ ಮಾತ್ರ ಇಲ್ಲವೆಂದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಎಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಪ್ಲೇಟ್ ಸವೆದಿದೆ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ಕೆಂಡದ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಈ ಕೊನೆಯ ಮೂರು ಟರ್ಬೊ ದೋಷವೇ ಅಲ್ಲ, ಆದರೂ ಇವಕ್ಕೆಲ್ಲ ಟರ್ಬೊ ಮೇಲೆ ತಪ್ಪು ಹೊರಿಸಿದ್ದನ್ನು ನೋಡಿದ್ದೇನೆ.

ಆಮೇಲೆ ಲೈನ್ ನಡೆಯುವ ಕೆಲಸ. ಏರ್ ಫಿಲ್ಟರಿನಿಂದ ಶುರು. ನಮ್ಮ ಕಡೆ ಫಿಲ್ಟರ್ ಬೇಗ ಕಟ್ಟುತ್ತದೆ. ಆಷಾಢದ ಗಾಳಿಗೆ ಕೆಜಿಎಫ್ ಗಣಿಯ ಸೈನೈಡ್ ಗುಡ್ಡಗಳ ಮಣ್ಣು ಎದ್ದು ಊರೆಲ್ಲ ಹರಡುವುದನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ, ಇನ್ನು ಕಲ್ಲು ಕ್ವಾರಿಗಳ ದೂಳು ಬೇರೆ. ಫಿಲ್ಟರ್ ದಾಟಿದರೆ ಗಾಳಿ ಅಳೆಯುವ ಸೆನ್ಸರ್, ಆಮೇಲೆ ಟರ್ಬೊ, ಅಲ್ಲಿಂದ ರಬ್ಬರ್ ಹೋಸ್, ಗಾಳಿ ತಣಿಸುವ ಇಂಟರ್‌ಕೂಲರ್, ಮತ್ತೊಂದು ಹೋಸ್, ಕೊನೆಗೆ ಎಂಜಿನ್. ಈ ಹೋಸ್‌ಗಳು ವರ್ಷಗಟ್ಟಲೆ ಬಿಸಿ ತಿಂದು, ಆಯಿಲ್ ಹಬೆ ಕುಡಿದು ಮೆತ್ತಗಾಗುತ್ತವೆ, ಕ್ಲಿಪ್ಪಿನ ಬುಡದಲ್ಲಿ ಸೀಳುತ್ತವೆ. ಹೋಸಿನ ಒಳಗೆ ಸ್ವಲ್ಪ ಆಯಿಲ್ ಜಿಡ್ಡು ಇರುವುದು ಸಹಜ, ಅದನ್ನೇ ತೋರಿಸಿ ಟರ್ಬೊ ಸತ್ತಿದೆ ಅನ್ನುವವರನ್ನು ನಂಬಬೇಡಿ. ಆದರೆ ಹೋಸಿನ ಹೊರಮೈಯಲ್ಲಿ ಒಂದೇ ಜಾಗದಲ್ಲಿ ಜಿಡ್ಡು ದೂಳು ಅಂಟಿ ಕರೀ ಪಟ್ಟೆ ಕಂಡರೆ ಅಲ್ಲಿ ಬೆರಳಿಡಿ, ಗಾಳಿ ಸೋರುವ ಜಾಗ ಅದೇ. ಸಂಶಯವಿದ್ದರೆ ಪಂಕ್ಚರ್ ಅಂಗಡಿಯವನು ಟ್ಯೂಬು ನೋಡುವ ಹಾಗೆ ಸೋಪಿನ ನೀರು ಬಳಿದು, ಕಡಿಮೆ ಒತ್ತಡದ ಗಾಳಿ ಬಿಟ್ಟು ಗುಳ್ಳೆ ನೋಡಬಹುದು. ಟರ್ಬೊವನ್ನು ಆಡಿಸುವ ವ್ಯಾಕ್ಯೂಮ್ ಪೈಪು ಬೆರಳಿಗಿಂತ ಸಣ್ಣದು, ಅದರಲ್ಲಿ ಒಂದು ಕೂದಲಿನಷ್ಟು ಬಿರುಕಿದ್ದರೂ ಟರ್ಬೊ ಕೆಲಸಕ್ಕೆ ಏಳುವುದಿಲ್ಲ.

ಶೆಡ್ಡಿನಲ್ಲಿ ನಿಲ್ಲಿಸಿ ಸುಮ್ಮನೆ ರೇಸ್ ಮಾಡಿದರೆ ಈ ಸೋರಿಕೆ ಕಾಣಿಸುವುದಿಲ್ಲ. ಭಾರ ಬಿದ್ದರೆ ಮಾತ್ರ ಟರ್ಬೊ ಒತ್ತಡ ಏರುವುದು, ಆಗಷ್ಟೇ ಸೀಳು ಬಾಯಿ ಬಿಡುವುದು. ಆದ್ದರಿಂದ ಸ್ಕ್ಯಾನರ್ ಜೋಡಿಸಿಕೊಂಡು ಏರುದಾರಿಯಲ್ಲಿ ಮೂರನೇ ಗೇರಿನಲ್ಲಿ ಓಡಿಸಬೇಕು. ಕಂಪ್ಯೂಟರ್ ಎಷ್ಟು ಒತ್ತಡ ಕೇಳಿತು, ಎಷ್ಟು ಸಿಕ್ಕಿತು, ಎರಡೂ ಅಂಕಿ ಪಕ್ಕಪಕ್ಕ ಬರುತ್ತವೆ. ಕೇಳಿದಷ್ಟು ಸಿಗುತ್ತಿದ್ದರೆ ಗಾಳಿ ಸರಿಯಾಗಿದೆ, ಡೀಸೆಲ್ ಕಡೆ ನೋಡಿ. ಸಿಗುತ್ತಿಲ್ಲವೆಂದರೆ ಲೈನಿನಲ್ಲಿ ಸೋರಿಕೆ, ಇಲ್ಲವೇ ಮುಂದೆ ಸೈಲೆನ್ಸರ್ ದಾರಿಯಲ್ಲಿ ತಡೆ, ಇಲ್ಲವೇ ಟರ್ಬೊ. ಈ ಒತ್ತಡ ಅಳೆಯುವ ಸೆನ್ಸರನ್ನೇ ಪರೀಕ್ಷಿಸುವ ಉಪಾಯವೂ ಇದೆ: ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಹಾಕಿದಾಗ ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಚೆನ್ನೈಯಲ್ಲಾದರೆ 101 ಕಿಲೋಪಾಸ್ಕಲ್, ನಮ್ಮಲ್ಲಿ 92ರ ಸುತ್ತಮುತ್ತ. ಸ್ಕ್ಯಾನರಿನಲ್ಲಿ ‘ಒತ್ತಡ ಕಡಿಮೆ’ ಅಂತ ಪಿ0299 ಕೋಡ್ ಬಂದ ಮಾತ್ರಕ್ಕೆ ಟರ್ಬೊ ಬದಲಾಯಿಸಿ ಅಂತ ಅರ್ಥವಲ್ಲ. ಆ ಕೋಡ್ ಗಾಳಿ ಸಾಲದು ಅನ್ನುತ್ತದೆ, ಯಾಕೆ ಸಾಲದು ಅನ್ನುವುದನ್ನು ಮನುಷ್ಯನೇ ಹುಡುಕಬೇಕು.

ನಮ್ಮ ಕಾರಿನಲ್ಲಿ ಇಂಟರ್‌ಕೂಲರ್‌ನಿಂದ ಮೇಲೇರುವ ಹೋಸು ಕೆಳಮೈಯಲ್ಲಿ, ಕಣ್ಣಿಗೆ ಕಾಣದ ಕಡೆ ಸೀಳಿತ್ತು. ಹೊಸ ಹೋಸು, ಎರಡು ಕ್ಲಿಪ್ಪು, ಒಂದು ಏರ್ ಫಿಲ್ಟರು, ಅಷ್ಟೇ ಖರ್ಚು. ಟರ್ಬೊದ ಕಡ್ಡಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿದರು, ಗಟ್ಟಿಯಾಗಿತ್ತು. ‘ಇದು ಇನ್ನೂ ದುಡಿಯುತ್ತೆ, ಆಯಿಲ್ ಮಾತ್ರ ಟೈಮಿಗೆ ಬದಲಾಯಿಸು’ ಅಂದರು. ಅದು ದೊಡ್ಡ ಮಾತು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುವ ಆ ಕಡ್ಡಿ ನಿಂತಿರುವುದೇ ಆಯಿಲಿನ ತೆಳು ಪದರದ ಮೇಲೆ. ಟರ್ಬೊ ನಿಜವಾಗಿ ಹೋಗುವುದು ಬಹಳ ಸಲ ಆಯಿಲ್ ಕೆಟ್ಟು, ಇಲ್ಲವೇ ಆಯಿಲ್ ಬರುವ ಸಣ್ಣ ಪೈಪು ಕಟ್ಟಿಕೊಂಡು. ಆ ಪೈಪು ತೊಳೆಯದೆ ಹೊಸ ಟರ್ಬೊ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಆ ಹಿರಿಯರು ಅರ್ಧ ದಿನ ಹುಡುಕಿದರು. ಹೋಸ್ ಹಾಕಿದ್ದು ಕೆಲವೇ ನಿಮಿಷ. ಬಿಲ್ಲು ಕೇಳಿದರೆ ಹೋಸಿನ ಬೆಲೆ, ಹಾಕಿದ ಕೂಲಿ ಮಾತ್ರ ಹೇಳಿದರು. ಹುಡುಕಿದ್ದಕ್ಕೆ ಕೇಳುವ ಅಭ್ಯಾಸ ಅವರಿಗಿಲ್ಲ, ಕೊಡುವ ಅಭ್ಯಾಸ ನಮಗಿಲ್ಲ. ಪಾರ್ಟ್‌ಗೆ ಹತ್ತಾರು ಸಾವಿರ ತೆರಲು ಒಪ್ಪುವ ನಾವು, ಪಾರ್ಟ್ ಬೇಡ ಅಂತ ಕಂಡುಹಿಡಿದವರಿಗೆ ನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತೇವೆ. ಹುಡುಕಾಟಕ್ಕೆ ಕೂಲಿ ಇಲ್ಲದ ಊರಿನಲ್ಲಿ ಮೆಕ್ಯಾನಿಕ್ ಹೊಟ್ಟೆ ತುಂಬಬೇಕಾದರೆ ಪಾರ್ಟ್ ಮಾರಲೇಬೇಕು. ಹಾಗಾದಾಗ ಬಾನೆಟ್ ಎತ್ತಿದೊಡನೆ ಟರ್ಬೊ ಹೋಗಿದೆ ಅನ್ನುವ ತೀರ್ಪು ಬರುವುದರಲ್ಲಿ ಆಶ್ಚರ್ಯವೇನು? ಅಂಥ ಕಡೆ ಕೆಲಸ ಕಲಿಯುವ ಹುಡುಗನೂ ಲೈನ್ ನಡೆಯುವ ವಿದ್ಯೆ ಯಾಕೆ ಕಲಿತಾನು?

ಭಾವಮೈದನ ಕೈಯಲ್ಲಿ ತಪಾಸಣೆಯ ಅರ್ಧ ದಿನಕ್ಕೂ ಕೂಲಿ ಕೊಡಿಸಿದೆ. ಅವರು ಬೇಡ ಅಂದರು, ನಾವು ಬಿಡಲಿಲ್ಲ. ನಿಮ್ಮ ಗಾಡಿ ಎಳೆಯದಿದ್ದರೆ ಇದೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಪ್ರಶ್ನೆ ಕೇಳುವವರ ಹತ್ತಿರ ಹೋಗಿ. ಟರ್ಬೊ ಬೆಲೆ ಕೇಳುವ ಮೊದಲು ಫಿಲ್ಟರಿನಿಂದ ಸೈಲೆನ್ಸರ್‌ವರೆಗೆ ನೋಡಿಸಿ. ಹಳೇ ಡೀಸೆಲ್ ಕಾರು ಕೊಳ್ಳುವುದಿದ್ದರೆ ಊರೊಳಗೆ ಒಂದು ಸುತ್ತು ಹಾಕಿ ಅಡ್ವಾನ್ಸ್ ಕೊಡಬೇಡಿ, ನಾಲ್ಕು ಜನ ಕೂತು ಏರುದಾರಿ ಹತ್ತಿಸಿ. ತಪಾಸಣೆಗೆ ಇಷ್ಟು ಅಂತ ಮೊದಲೇ ಮಾತಾಡಿ, ಏನೂ ಕೆಟ್ಟಿಲ್ಲ ಅಂತ ಹೇಳಿದರೂ ಪೂರ್ತಿ ಕೊಡಿ. ಹಾಗೆ ಹೇಳುವ ಧೈರ್ಯ ಇರುವ ಮೆಕ್ಯಾನಿಕ್ ನಿಮ್ಮೂರಿನಲ್ಲಿ ಉಳಿಯಬೇಕಾದರೆ ದಾರಿ ಇದೊಂದೇ.